ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರ: ರಿಪೇರಿಯೋ, ರೆಟ್ರೋಫಿಟ್ಟೋ, ಗುಜರಿಯೋ?

ನವಿ ಮುಂಬೈಯ ನೆರೂಳದಲ್ಲಿ ಸಾಯನ್-ಪನ್ವೇಲ್ ಹೆದ್ದಾರಿ ದಾಟಿ ಶಿರವಣೆ, ತುರ್ಭೆ ಕಡೆಗೆ ಹೋದರೆ ಎಂಐಡಿಸಿ ಕೈಗಾರಿಕಾ ಪ್ರದೇಶ ಶುರುವಾಗುತ್ತದೆ. ದೊಡ್ಡ ಕೆಮಿಕಲ್ ಕಾರ್ಖಾನೆಗಳ ಸಂದಿಗೊಂದಿಯಲ್ಲಿ ಸಣ್ಣ ಸಣ್ಣ ಶೆಡ್ಡುಗಳಿವೆ. ಇಲ್ಲಿಯವರ ಬಾಯಲ್ಲಿ ಅವು ಗಾಳಾ. ಒಂದೊಂದರಲ್ಲಿ ಎರಡು ಮೂರು ಯಂತ್ರ, ನಾಲ್ಕಾರು ಜನ. ಪಂಪಿನ ಬಿಡಿಭಾಗ, ವಾಲ್ವ್ ಬಾಡಿ, ಡೈ, ಫಿಕ್ಸ್‌ಚರ್, ಏನು ಜಾಬ್ ಬಂದರೂ ಮಾಡಿಕೊಡುತ್ತಾರೆ. ಬೆಳಗಾವಿ, ಹುಬ್ಬಳ್ಳಿ, ಕರಾವಳಿ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರೂ ಈ ಕಸುಬಿನಲ್ಲಿದ್ದಾರೆ. ಇಂಥ ಶೆಡ್ಡಿನಲ್ಲಿ ಇಪ್ಪತ್ತೈದು ಮೂವತ್ತು ವರ್ಷದ ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಒಂದು ದಿನ ಪರದೆ ಕಪ್ಪಾಗಿಸಿಕೊಂಡು ನಿಂತರೆ ಮಾಲೀಕನ ಮುಂದೆ ಬರುವ ಪ್ರಶ್ನೆ ಒಂದೇ: ಇದನ್ನು ಉಳಿಸಬೇಕೆ, ಉಳಿಸುವುದಾದರೆ ಯಾವ ರೀತಿ?

ಈ ಪ್ರಶ್ನೆಗೆ ಕೇಳಿದಷ್ಟು ಜನರಿಂದ ಅಷ್ಟು ಉತ್ತರ ಸಿಗುತ್ತದೆ. ಕಾರ್ಡ್ ರಿಪೇರಿ ಮಾಡುವವನಿಗೆ ಕಾರ್ಡಿನಲ್ಲೇ ದೋಷ ಕಾಣುತ್ತದೆ, ಕಂಟ್ರೋಲರ್ ಮಾರುವವನಿಗೆ ಕಂಟ್ರೋಲರಿನಲ್ಲಿ, ಹೊಸ ಯಂತ್ರ ಮಾರುವವನಿಗೆ ಇಡೀ ಯಂತ್ರದಲ್ಲಿ. ಪ್ರತಿಯೊಬ್ಬರ ಮಾತಿನಲ್ಲೂ ಸತ್ಯದ ಪಾಲಿದೆ. ಯಾರ ಮಾತು ಯಾವ ಯಂತ್ರಕ್ಕೆ ಸಲ್ಲುತ್ತದೆ ಎಂದು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಮೊದಲ ಯಂತ್ರವೇ ಒಂದು ರೆಟ್ರೋಫಿಟ್

ಅಂಕಿಗಳ ಆಜ್ಞೆಯಂತೆ ನಡೆದ ಜಗತ್ತಿನ ಮೊದಲ ಮಿಲ್ಲಿಂಗ್ ಯಂತ್ರವನ್ನು ಯಾರೂ ಹೊಸದಾಗಿ ಕಟ್ಟಿರಲಿಲ್ಲ. ಹೆಲಿಕಾಪ್ಟರ್ ರೋಟರ್ ರೆಕ್ಕೆಗಳ ವಕ್ರರೇಖೆ ಕಡೆಯುವ ಕಷ್ಟದಿಂದ ಜಾನ್ ಪಾರ್ಸನ್ಸ್ ಎಂಬ ತಯಾರಕನಿಗೆ ಹೊಳೆದ ಯೋಚನೆಗೆ ಅಮೆರಿಕದ ವಾಯುಪಡೆ 1949ರಲ್ಲಿ ಹಣ ಕೊಟ್ಟಿತು. ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯದವರು ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ ಮಿಲ್ಲಿಂಗ್ ಯಂತ್ರವನ್ನು ತಂದು, ಅದರ ಹಳೆಯ ಚಾಲನೆ ಕಿತ್ತು, ನಿರ್ವಾತ ಕೊಳವೆಗಳ ದೊಡ್ಡ ಕಪಾಟನ್ನು ಜೋಡಿಸಿ, ರಂಧ್ರ ಕೊರೆದ ಕಾಗದದ ಪಟ್ಟಿಯಿಂದ 1952ರಲ್ಲಿ ನಡೆಸಿ ತೋರಿಸಿದರು. ಬೀಡುಕಬ್ಬಿಣ ಹಳೆಯದು, ನಿಯಂತ್ರಣ ಹೊಸದು. ನೆರೂಳದ ಮಾಲೀಕ ಇವತ್ತು ಮಾಡಿಸಲು ಯೋಚಿಸುತ್ತಿರುವುದೂ ಅದೇ ಕೆಲಸ.

ನಮ್ಮಲ್ಲಿ ಯಂತ್ರೋಪಕರಣಗಳ ಬೇರು ಕರ್ನಾಟಕದಲ್ಲಿದೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಗಿ ಲೇತ್‌ಗಳಿಗೆ ಹೆಸರಾಯಿತು. ಸ್ವಿಸ್ ಕಂಪನಿ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಹುಟ್ಟಿತು. ಅದರ ಎಫ್‌ಎನ್ ಸರಣಿಯ ಮಿಲ್ಲಿಂಗ್ ಯಂತ್ರ ನೋಡದ ಐಟಿಐ ವಿದ್ಯಾರ್ಥಿ ಸಿಗುವುದು ಕಷ್ಟ. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್ ಬಂತು, 1979ರಲ್ಲಿ ಪೀಣ್ಯದ ಏಸ್ ಡಿಸೈನರ್ಸ್. ಯಂತ್ರ ವಿನ್ಯಾಸಕ್ಕೂ ಅಳತೆಗೂ ಆಧಾರವಾದ ಸಿಎಂಟಿಐ ಸಂಸ್ಥೆ ಬೆಂಗಳೂರಿನಲ್ಲಿ 1962ರಲ್ಲಿ ಸ್ಥಾಪನೆಯಾಯಿತು. ಮಹಾರಾಷ್ಟ್ರದಲ್ಲಿ ಎಂಐಡಿಸಿ ಹುಟ್ಟಿದ್ದೂ ಅದೇ ವರ್ಷ. ಠಾಣೆಯ ವಾಗ್ಳೆ ಎಸ್ಟೇಟ್, ದಿಘಾದಿಂದ ನೆರೂಳದವರೆಗೆ ಹಬ್ಬಿದ ಟಿಟಿಸಿ ವಲಯ, ಡೊಂಬಿವಲಿ, ಅಂಬರನಾಥ ಎಲ್ಲ ಕಡೆ ಬೆಂಗಳೂರಿನ ಯಂತ್ರಗಳು ಬಂದು ಕೂತವು. 1991ರ ನಂತರ ಆಮದಿನ ಬಾಗಿಲು ತೆರೆದಾಗ ಜಪಾನ್, ತೈವಾನ್, ಜರ್ಮನಿಗಳಿಂದ ಸೆಕೆಂಡ್‌ಹ್ಯಾಂಡ್ ಯಂತ್ರಗಳೂ ಬಂದರಿಗೆ ಇಳಿದವು. ಜಪಾನಿ ಯಂತ್ರಕ್ಕೆ ಬೇಕಾದ್ದು 200 ವೋಲ್ಟ್, ನಮ್ಮ ತ್ರೀ ಫೇಸ್ 415. ಹಾಗಾಗಿ ಯಂತ್ರದ ಪಕ್ಕದಲ್ಲಿ ಗುಂಯ್‌ಗುಡುವ ಒಂದು ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ಎಲ್ಲಿಂದ ಬಂದದ್ದೆಂದು ಕೇಳದೆಯೇ ತಿಳಿಯುತ್ತದೆ.

ಈ ಯಂತ್ರಗಳಲ್ಲಿ ಹೆಚ್ಚಿನವು ಫಾನುಕ್ ಕಂಟ್ರೋಲರ್ ಹೊತ್ತವು. 1979ರ ಫಾನುಕ್ 6, ಆಮೇಲೆ 1985ರ ಫಾನುಕ್ 0. ಎರಕದ ದೇಹ ಐವತ್ತು ವರ್ಷ ಬಾಳುತ್ತದೆ, ಅದನ್ನು ನಡೆಸುವ ಎಲೆಕ್ಟ್ರಾನಿಕ್ಸ್‌ಗೆ ಬಿಡಿಭಾಗ ಸಿಗುವುದು ಅದರ ಅರ್ಧ ಕಾಲವೂ ಇಲ್ಲ. ಒಂದೇ ಯಂತ್ರದೊಳಗೆ ಹೀಗೆ ಎರಡು ಆಯುಷ್ಯ ಇರುವುದರಿಂದಲೇ ಈ ಚರ್ಚೆಯೆಲ್ಲ ಹುಟ್ಟಿದೆ.

ಕೆಡುವುದು ಏನು?

ನವಿ ಮುಂಬೈಯ ಗಾಳಿಯಿಂದಲೇ ಶುರು ಮಾಡಬೇಕು. ಒಂದು ಕಡೆ ಖಾಡಿಯ ಉಪ್ಪು, ಇನ್ನೊಂದು ಕಡೆ ಕೆಮಿಕಲ್ ಘಟಕಗಳ ಹೊಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ. ಗಂಧಕದ ಅಂಶವಿರುವ ಗಾಳಿ ಸರ್ಕ್ಯೂಟ್ ಬೋರ್ಡಿನ ತಾಮ್ರ, ಬೆಳ್ಳಿಯ ಗೆರೆಗಳನ್ನು ತಿನ್ನುತ್ತದೆ. ಪ್ಯಾನೆಲ್ಲಿನ ಎಸಿ ಕೆಟ್ಟಾಗ ಬಾಗಿಲು ತೆರೆದು ಟೇಬಲ್ ಫ್ಯಾನ್ ಇಡುವುದು ಇಲ್ಲಿ ದಿನನಿತ್ಯದ ನೋಟ. ಆ ಗಾಳಿಗೆ ಒಳಗೆ ದಾರಿ ಮಾಡಿಕೊಟ್ಟಂತಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರಗಳಿಗೂ ನುಗ್ಗಿತು. ಅಂಥ ನೀರಿನಲ್ಲಿ ಮುಳುಗಿದ ಯಂತ್ರದ ಎರಕವನ್ನು ತೊಳೆದು ಎಣ್ಣೆ ಹಚ್ಚಿ ಉಳಿಸಬಹುದು, ಡ್ರೈವ್ ಮತ್ತು ಕಾರ್ಡುಗಳನ್ನು ನಂಬುವ ಹಾಗಿಲ್ಲ.

ಇದಕ್ಕಿಂತ ಸದ್ದಿಲ್ಲದೆ ಆಗುವ ಅನಾಹುತ ಬ್ಯಾಟರಿಯದು. ಫಾನುಕ್ 0 ತನ್ನ ಪ್ಯಾರಾಮೀಟರುಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಟಾರ್ಚಿಗೆ ಹಾಕುವಂಥ ಮೂರು ದಪ್ಪ ಸೆಲ್‌ಗಳ ಬಲದಿಂದ. ವರ್ಷಕ್ಕೊಮ್ಮೆ ಬದಲಿಸಬೇಕು, ಅದೂ ಕಂಟ್ರೋಲರ್ ಚಾಲೂ ಇರುವಾಗಲೇ. ಶಾಕ್ ಹೊಡೆದೀತೆಂದು ಮೇನ್ ಆಫ್ ಮಾಡಿ ಸೆಲ್ ತೆಗೆದರೆ ಅಕ್ಷಗಳ ವೇಗ, ಮಿತಿ, ಬ್ಯಾಕ್‌ಲ್ಯಾಷ್ (ಸ್ಕ್ರೂವಿನ ಸಡಿಲಾಟ) ತಿದ್ದುಪಡಿ, ಸ್ಕ್ರೂವಿನ ಪಿಚ್ ದೋಷದ ಪಟ್ಟಿ ಎಲ್ಲ ಅಳಿಸಿಹೋಗುತ್ತವೆ. 900ರ ಸರಣಿಯ ಪ್ಯಾರಾಮೀಟರುಗಳು ಹೋದರಂತೂ ಹಣ ಕೊಟ್ಟು ಕೊಂಡ ಸೌಲಭ್ಯಗಳೇ ಮುಚ್ಚಿಹೋಗುತ್ತವೆ. ಇವುಗಳ ಮುದ್ರಿತ ಹಾಳೆ ಯಂತ್ರದೊಂದಿಗೇ ಬಂದಿರುತ್ತದೆ, ಎಷ್ಟೋ ಸಲ ಪ್ಯಾನೆಲ್ ಬಾಗಿಲಿನ ಒಳಜೇಬಿನಲ್ಲಿ ಎಣ್ಣೆ ಕುಡಿದು ಹಳದಿಯಾಗಿ ಬಿದ್ದಿರುತ್ತದೆ. ಆ ಹಾಳೆ ಇದ್ದರೆ ಒಂದು ಮಧ್ಯಾಹ್ನದ ಟೈಪಿಂಗ್. ಇಲ್ಲದಿದ್ದರೆ ಯಂತ್ರ ಸತ್ತಿದೆ ಎಂಬ ತೀರ್ಪು. ಸರಿಯಾಗಿದ್ದ ಯಂತ್ರಗಳೂ ಇದೊಂದೇ ಕಾರಣಕ್ಕೆ ಕುರ್ಲಾದ ಭಂಗಾರ್ (ಗುಜರಿ) ದಾರಿ ಹಿಡಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ಕಬ್ಬಿಣದ ಸವಕಳಿ. ಟೇಬಲ್ಲಿನ ಓಡಾಟ ನಡುವಿನ ಭಾಗದಲ್ಲೇ ಹೆಚ್ಚು, ಆದ್ದರಿಂದ ಸ್ಲೈಡ್‌ವೇ ಸವೆಯುವುದೂ ನಡುವಿನಲ್ಲೇ. ಬಾಲ್‌ಸ್ಕ್ರೂ ಕೂಡ ಹಾಗೆಯೇ. ಅಂಚಿನಲ್ಲಿ ಬಿಗಿ, ನಡುವೆ ಸಡಿಲ. ಸಡಿಲ ತೆಗೆಯುವ ಗಿಬ್ ಪಟ್ಟಿ ಬಿಗಿ ಮಾಡಿದರೆ ನಡುವೆ ಸರಿಹೋಗಿ ಅಂಚಿನಲ್ಲಿ ಜಾಮ್ ಆಗುತ್ತದೆ. ಈ ದೋಷವನ್ನು ಯಾವ ಕಂಟ್ರೋಲರೂ ವಾಸಿ ಮಾಡಲಾರದು.

ಇದ್ದದ್ದನ್ನೇ ಉಳಿಸುವವರು

ಮೊದಲ ಪಂಥದವರು ಕಾರ್ಡ್ ಮಟ್ಟದ ರಿಪೇರಿಯವರು. ಒಣಗಿದ ಕೆಪಾಸಿಟರ್ ಬದಲಿಸಿ, ಸುಟ್ಟ ಟ್ರಾನ್ಸಿಸ್ಟರ್ ಮಾಡ್ಯೂಲ್ ತೆಗೆದು, ಕೆಟ್ಟ ಸಿಆರ್‌ಟಿ ಪರದೆಯ ಜಾಗಕ್ಕೆ ಎಲ್‌ಸಿಡಿ ಕೂರಿಸಿ ಯಂತ್ರವನ್ನು ಮತ್ತೆ ಎಬ್ಬಿಸುತ್ತಾರೆ. ಬಿಡಿಭಾಗಕ್ಕೆ ಲ್ಯಾಮಿಂಗ್ಟನ್ ರೋಡ್, ಬೇರಿಂಗಿಗೆ ನಾಗದೇವಿ ಸ್ಟ್ರೀಟ್. ಬೆಂಗಳೂರಿನವರಾದರೆ ಎಸ್‌ಪಿ ರೋಡ್. ಹಳದಿ ಮುಚ್ಚಳದ ಫಾನುಕ್ ಡಿಸಿ ಸರ್ವೋ ಮೋಟರಿಗೆ ಕಾರ್ಬನ್ ಬ್ರಷ್ ಹಾಕಿ, ಕಮ್ಯುಟೇಟರ್ ಉಜ್ಜಿ ಮತ್ತೆ ವರ್ಷಗಟ್ಟಲೆ ಓಡಿಸುತ್ತಾರೆ.

ಇವರ ವಾದ ಗಟ್ಟಿಯಾದದ್ದು. ಯಂತ್ರ ಕಟ್ಟಿದವರು ಮೋಟರು, ಡ್ರೈವು, ಸ್ಕ್ರೂ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿಯೇ ಕೊಟ್ಟಿದ್ದಾರೆ, ಆಪರೇಟರನ ಕೈಗೆ ಕೀಲಿಗಳು ಕೂತಿವೆ, ಹಳೆಯ ಪ್ರೋಗ್ರಾಂಗಳೆಲ್ಲ ಹಾಗೇ ನಡೆಯುತ್ತವೆ. ಖರ್ಚೂ ಕಡಿಮೆ. ಆದರೆ ಫಾನುಕ್ 6ರಂಥದ್ದು ಬಬಲ್ ಮೆಮೊರಿ ಬಳಸುತ್ತಿತ್ತು. ಆ ತಂತ್ರಜ್ಞಾನವೇ ಈಗ ತಯಾರಿಕೆಯಲ್ಲಿಲ್ಲ. ಇನ್ನೊಂದು ಸತ್ತ ಯಂತ್ರದಿಂದ ಕಿತ್ತು ತಂದ ಕಾರ್ಡು ಎಷ್ಟು ದಿನ ಬಾಳುತ್ತದೆಂದು ಯಾರೂ ಬರೆದುಕೊಡಲಾರರು. ಮೆಮೊರಿ ಮತ್ತೊಂದು ಮಿತಿ. ಇವತ್ತಿನ ಕ್ಯಾಮ್ ಸಾಫ್ಟ್‌ವೇರ್ ಒಂದು ಡೈಯ ಮೇಲ್ಮೈಗೆ ಮೆಗಾಬೈಟ್‌ಗಟ್ಟಲೆ ಪ್ರೋಗ್ರಾಂ ಉಗುಳುತ್ತದೆ, ಹಳೆಯ ಕಂಟ್ರೋಲರಿನಲ್ಲಿ ಇರುವುದು ಕಿಲೋಬೈಟ್‌ಗಳ ಜಾಗ. ಆರ್‌ಎಸ್-232 ಕೇಬಲ್ಲಿನಲ್ಲಿ ಹನಿಹನಿಯಾಗಿ ಹರಿಸಿದರೆ ಟೂಲು ಅಲ್ಲಲ್ಲಿ ತಡವರಿಸಿ ಮೇಲ್ಮೈಯಲ್ಲಿ ಗುರುತು ಬಿಡುತ್ತದೆ. ರಂಧ್ರ ಕೊರೆದು ಟ್ಯಾಪ್ ಹೊಡೆಯುವ ಶೆಡ್ಡಿಗೆ ಇದು ಲೆಕ್ಕಕ್ಕಿಲ್ಲ, ಮೋಲ್ಡ್ ಮಾಡುವವನಿಗೆ ಇದೇ ನಿರ್ಣಾಯಕ.

ಕಂಪನಿ ಕಂಟ್ರೋಲರಿನ ಮಾರ್ಗ

ಎರಡನೆಯ ಪಂಥಕ್ಕೆ ರೆಟ್ರೋಫಿಟ್ ಎಂದರೆ ಹಳೆಯ ಪ್ಯಾನೆಲ್ ಪೂರ್ತಿ ಖಾಲಿ ಮಾಡುವುದು. ಫಾನುಕ್, ಸೀಮೆನ್ಸ್, ಮಿತ್ಸುಬಿಷಿ, ಈಚೆಗೆ ತೈವಾನಿನ ಸಿಂಟೆಕ್‌ನಂಥ ಕಂಟ್ರೋಲರು, ಅದಕ್ಕೆ ಹೊಂದುವ ಎಸಿ ಸರ್ವೋ, ಹೊಸ ವೈರಿಂಗ್, ಹೊಸ ಲಿಮಿಟ್ ಸ್ವಿಚ್. ರೈಲ್ವೆ ಕಾರ್ಯಾಗಾರಗಳೂ ರಕ್ಷಣಾ ಕಾರ್ಖಾನೆಗಳೂ ತಮ್ಮ ದೊಡ್ಡ ಯಂತ್ರಗಳಿಗೆ ಟೆಂಡರ್ ಕರೆದು ಮಾಡಿಸುವುದು ಈ ಬಗೆಯನ್ನೇ. ನಾಳೆ ಅಲಾರ್ಮ್ ಬಂದರೆ ಫೋನ್ ಮಾಡಲು ಒಂದು ನಂಬರ್ ಇರುತ್ತದೆ, ಯಾವ ಊರಿನ ಆಪರೇಟರ್ ಬಂದರೂ ಪರದೆ ಪರಿಚಿತ. ಸಣ್ಣ ಕಾರ್ಖಾನೆಗೆ ಇದರ ಬೆಲೆ ಅಷ್ಟಿಷ್ಟಲ್ಲ.

ಮೋಟರು, ಡ್ರೈವು ಜೋಡಿಸುವುದೇ ಇದರಲ್ಲಿ ಸುಲಭದ ಭಾಗ ಎಂದರೆ ಹೊಸಬರು ನಂಬುವುದಿಲ್ಲ. ಕಷ್ಟವಿರುವುದು ಲ್ಯಾಡರಿನಲ್ಲಿ, ಅಂದರೆ ಯಂತ್ರದ ಪಿಎಲ್‌ಸಿ ತರ್ಕದಲ್ಲಿ. ಟೂಲ್ ಚೇಂಜರನ್ನೇ ನೋಡಿ. ಸ್ಪಿಂಡಲ್ ಒಂದು ನಿಗದಿತ ಕೋನದಲ್ಲಿ ನಿಲ್ಲಬೇಕು, ಝಡ್ ಅಕ್ಷ ತನ್ನ ಎತ್ತರಕ್ಕೆ ಹೋಗಬೇಕು, ತೋಳು ಬಂದು ಟೂಲ್ ಹಿಡಿಯಬೇಕು, ಆಮೇಲೆ ಡ್ರಾಬಾರ್ ಒತ್ತಿ ಡಿಸ್ಕ್ ಸ್ಪ್ರಿಂಗ್ ಸಡಿಲಿಸಬೇಕು, ಸಡಿಲವಾಯಿತೆಂದು ಸೆನ್ಸರ್ ಹೇಳಿದ ಮೇಲೆಯೇ ತೋಳು ಕೆಳಗಿಳಿಯಬೇಕು. ಈ ಸರಪಳಿಯಲ್ಲಿ ಒಂದು ಷರತ್ತು ಬಿಟ್ಟುಹೋದರೆ ಟೂಲು ಟೇಬಲ್ ಮೇಲೆ ಬೀಳುತ್ತದೆ, ಇಲ್ಲವೇ ತೋಳು ಮುರಿಯುತ್ತದೆ. ಕರೆಂಟು ನಡುವೆ ಹೋದರೆ ಎಲ್ಲಿಂದ ಮುಂದುವರಿಯಬೇಕು ಎಂಬುದಕ್ಕೂ ತರ್ಕ ಬರೆದಿರಬೇಕು. ಮೂಲ ಲ್ಯಾಡರಿನ ಪ್ರತಿ ಕೈಯಲ್ಲಿಲ್ಲದಿದ್ದರೆ ಎಲ್ಲವನ್ನೂ ಯಂತ್ರ ನೋಡುತ್ತ ಹೊಸದಾಗಿ ಬರೆಯಬೇಕು. ಕೆಲಸ ಮುಗಿಸಿದ ಗುತ್ತಿಗೆದಾರ ಲ್ಯಾಡರಿಗೆ ಪಾಸ್‌ವರ್ಡ್ ಹಾಕಿಕೊಂಡು ಹೋದರೆ ಮಾಲೀಕ ಮುಂದಿನ ಹತ್ತು ವರ್ಷ ಅವನ ಫೋನಿಗೆ ಕಾಯುತ್ತಿರಬೇಕಾಗುತ್ತದೆ. ಕೊನೆಯ ಕಂತು ಕೊಡುವ ಮುನ್ನ ಲ್ಯಾಡರು, ಪ್ಯಾರಾಮೀಟರು, ವೈರಿಂಗ್ ನಕ್ಷೆ ಮೂರನ್ನೂ ಪೆನ್‌ಡ್ರೈವಿನಲ್ಲಿ ಪಡೆಯಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುವುದು ಇದಕ್ಕೇ.

ತೆರೆದ ಮೂಲದ ಮಾರ್ಗ

ಮೂರನೆಯ ಪಂಥ ಪಿಸಿಯವರದು. ಮ್ಯಾಕ್3 ಎಂಬ ಸಾಫ್ಟ್‌ವೇರ್ ಒಂದು ಕಾಲದಲ್ಲಿ ಸ್ಟೆಪ್ಪರ್ ಮೋಟರಿನ ಸಣ್ಣ ರೂಟರುಗಳಲ್ಲಿ ಎಲ್ಲೆಲ್ಲೂ ಇತ್ತು. ಪ್ಯಾರಲಲ್ ಪೋರ್ಟು, 32-ಬಿಟ್ ವಿಂಡೋಸ್ ನಂಬಿಕೊಂಡಿದ್ದ ಅದರ ಕಾಲ ಮುಗಿಯಿತು. ಗಂಭೀರವಾಗಿ ನೋಡಬೇಕಾದ್ದು ಲಿನಕ್ಸ್‌ಸಿಎನ್‌ಸಿಯನ್ನು. ಅಮೆರಿಕದ ಮಾಪನ ಸಂಸ್ಥೆ ಎನ್‌ಐಎಸ್‌ಟಿ 1990ರ ದಶಕದಲ್ಲಿ ಇಎಂಸಿ ಹೆಸರಿನಲ್ಲಿ ಬರೆಸಿದ ತಂತ್ರಾಂಶ ಇದು. ಸರ್ಕಾರಿ ಕೆಲಸವಾದ್ದರಿಂದ ಯಾರ ಸ್ವತ್ತೂ ಆಗದೆ ಸಾರ್ವಜನಿಕರ ಕೈಗೆ ಬಂತು, ಸ್ವಯಂಸೇವಕರು ಬೆಳೆಸಿದರು. ಲಿನಕ್ಸ್ ಕರ್ನಲ್ಲಿಗೆ ಇಂಥ ಕೆಲಸಕ್ಕೆ ಬೇಕಾದ ನಿಖರ ಸಮಯಪಾಲನೆಯ ಗುಣ 2024ರಲ್ಲಿ ಮುಖ್ಯ ಆವೃತ್ತಿಯಲ್ಲೇ ಸೇರಿತು.

ಇದು ಹಳೆಯ ಯಂತ್ರಕ್ಕೆ ಒಂದು ನಡುದಾರಿ ತೋರಿಸುತ್ತದೆ. ಹಳೆಯ ಸರ್ವೋ ಡ್ರೈವುಗಳು ವೇಗದ ಆಜ್ಞೆ ಪಡೆಯುತ್ತಿದ್ದುದು ಹತ್ತು ವೋಲ್ಟಿನ ಅನಲಾಗ್ ಸಂಕೇತದಿಂದ. ಅಂಥ ಸಂಕೇತ ಕೊಡುವ ಮೆಸಾ ಕಾರ್ಡ್ ಹಾಕಿದರೆ ಚೆನ್ನಾಗಿರುವ ಮೋಟರು, ಡ್ರೈವು ಹಾಗೇ ಉಳಿಸಿಕೊಂಡು ಮೇಲಿನ ಕಂಟ್ರೋಲರನ್ನಷ್ಟೇ ಬದಲಿಸಬಹುದು. ಖರ್ಚು ಕಂಪನಿ ಕಂಟ್ರೋಲರಿಗಿಂತ ಎಷ್ಟೋ ಕಡಿಮೆ, ಪಾಸ್‌ವರ್ಡಿನ ಭಯವಿಲ್ಲ. ಎಂಜಿನಿಯರಿಂಗ್ ಕಾಲೇಜಿಗೆ, ತಾನೇ ಎಲೆಕ್ಟ್ರಾನಿಕ್ಸ್ ಬಲ್ಲ ಮಾಲೀಕನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆದರೆ ಎರಡು ಶಿಫ್ಟ್ ಓಡಬೇಕಾದ ಜಾಬ್ ವರ್ಕ್ ಶೆಡ್ಡಿನಲ್ಲಿ, ಅದನ್ನು ಕಟ್ಟಿದ ಹುಡುಗ ಪುಣೆಗೆ ಕೆಲಸ ಬದಲಿಸಿದ ಮಾರನೆಯ ದಿನ, ಯಂತ್ರಕ್ಕೆ ದಿಕ್ಕಿಲ್ಲ. ತಂತ್ರಜ್ಞಾನದ ಕೊರತೆ ಇದಲ್ಲ, ಊರಿನಲ್ಲಿ ಜನ ತಯಾರಾಗದ ಕೊರತೆ.

ಮೊದಲು ಕಬ್ಬಿಣ ಎನ್ನುವವರು

ನನ್ನ ಒಲವು ನಾಲ್ಕನೆಯ ಪಂಥದ ಕಡೆ. ಇವರು ಸ್ಕ್ರೇಪಿಂಗ್ ಬಲ್ಲ ಹಳೆಯ ಫಿಟ್ಟರುಗಳು. ಎಚ್‌ಎಂಟಿಯಂಥ ಕಾರ್ಖಾನೆಗಳ ತರಬೇತಿ ಕೇಂದ್ರಗಳಲ್ಲಿ ಪಳಗಿದ ತಲೆಮಾರು. ಕಂಟ್ರೋಲರಿನ ಮಾತು ಆಮೇಲೆ, ಮೊದಲು ಡಯಲ್ ಇಡಿ ಎನ್ನುತ್ತಾರೆ.

ಕೆಲಸ ನೋಡಬೇಕು. ಟೇಬಲ್ ಎತ್ತಿ ಪಕ್ಕಕ್ಕಿಟ್ಟು, ನೇರವಾದ ಮಾಸ್ಟರ್ ಪಟ್ಟಿಗೆ ನೀಲಿ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಸವರಿ, ಸ್ಲೈಡ್‌ವೇ ಮೇಲಿಟ್ಟು ಹಿಂದೆ ಮುಂದೆ ಆಡಿಸುತ್ತಾರೆ. ಎತ್ತರವಿದ್ದ ಕಡೆ ನೀಲಿ ಅಂಟುತ್ತದೆ. ಕಾರ್ಬೈಡ್ ತುದಿಯ ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿ, ಮೈಯ ಭಾರದಿಂದಲೇ ತಳ್ಳಿ, ಆ ಚುಕ್ಕೆಗಳನ್ನಷ್ಟೇ ಕೆಲವು ಮೈಕ್ರಾನ್ ಕೆರೆಯುತ್ತಾರೆ. ಒರೆಸಿ, ಮತ್ತೆ ನೀಲಿ, ಮತ್ತೆ ಕೆರೆತ. ಒಂದು ಅಂಗುಲದ ಚೌಕದಲ್ಲಿ 10-15 ಚುಕ್ಕೆ ಸಮವಾಗಿ ಹರಡುವವರೆಗೆ ಇದು ನಡೆಯುತ್ತದೆ. ನಡುವಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಟೇಬಲ್ಲಿನ ಅಡಿಗೆ ಟರ್ಸೈಟ್ ಎಂಬ ಜಾರುವ ಪ್ಲಾಸ್ಟಿಕ್ ಹಾಳೆಯನ್ನು ಎಪಾಕ್ಸಿಯಿಂದ ಅಂಟಿಸಿ ಅದನ್ನೂ ಹೀಗೇ ಹೊಂದಿಸಿದರೆ ಸವೆದಷ್ಟು ಎತ್ತರ ಮರಳಿ ಬರುತ್ತದೆ, ಟೇಬಲ್ ನಿಧಾನ ವೇಗದಲ್ಲೂ ಜಗ್ಗದೆ ಜಾರುತ್ತದೆ. 1840ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸಮತಲ ಫಲಕಗಳ ಬಗ್ಗೆ ವಿವರಿಸಿದ ವಿಧಾನವೇ ಇದರ ತಾಯಿಬೇರು. ಇವತ್ತಿಗೂ ಉತ್ತಮ ಯಂತ್ರಗಳನ್ನು ಕಟ್ಟುವವರು ಇದನ್ನು ಬಿಟ್ಟಿಲ್ಲ.

ಇವರ ತರ್ಕ ಸರಳ. ದೋಷ ಎರಡು ಬಗೆ. ಪ್ರತಿ ಸಲ ಅದೇ ಜಾಗದಲ್ಲಿ ಅಷ್ಟೇ ಬರುವ ದೋಷವನ್ನು ಕಂಟ್ರೋಲರ್ ತಿದ್ದಬಲ್ಲದು. ಸ್ಕ್ರೂವಿನ ಪಿಚ್ ದೋಷಕ್ಕೆ ಲೇಸರಿನಿಂದ ಅಳೆದು ಪಟ್ಟಿ ತುಂಬಿದರೆ ಸಾಕು. ಒಂದು ಸಲ ಹೀಗೆ, ಇನ್ನೊಂದು ಸಲ ಹಾಗೆ ಬರುವ ಆಟವನ್ನು ಯಾವ ಗಣಿತವೂ ತಿದ್ದಲಾರದು. ಹೀಗಾಗಿ ಹಣ ಖರ್ಚು ಮಾಡುವ ಮುನ್ನವೇ ಅಳತೆ ಬೇಕು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜಿಮ್ ಬ್ರಯನ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಬಾಲ್‌ಬಾರ್ ಈ ಕೆಲಸಕ್ಕೆ ವರದಾನ. ಯಂತ್ರವನ್ನು ಒಂದು ವೃತ್ತದಲ್ಲಿ ಓಡಿಸಿದರೆ ಬ್ಯಾಕ್‌ಲ್ಯಾಷ್, ಅಕ್ಷಗಳ ಲಂಬಕೋನದ ದೋಷ, ಸರ್ವೋಗಳ ಹೊಂದಾಣಿಕೆ ಎಲ್ಲ ಒಂದೇ ಚಿತ್ರದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಈ ಪರೀಕ್ಷೆ ಮಾಡಿಸಿಟ್ಟುಕೊಳ್ಳುವುದು ಜಾಣತನ. ನಿಂತ ಯಂತ್ರದಲ್ಲಿ ಡಯಲ್, ಸ್ಕ್ವೇರ್, ಟೆಸ್ಟ್ ಮ್ಯಾಂಡ್ರೆಲ್‌ಗಳಷ್ಟೇ ಗತಿ.

ಈ ಪಂಥದ ತೊಂದರೆ ಕೈಗಳದು. ಸ್ಕ್ರೇಪಿಂಗ್ ಬಲ್ಲವರು ನಿವೃತ್ತರಾಗುತ್ತಿದ್ದಾರೆ, ಕಲಿಯಲು ವರ್ಷಗಳು ಬೇಕು. ಬಾಕ್ಸ್‌ವೇ ಬದಲು ಎಲ್‌ಎಂ ಗೈಡ್ ಇರುವ ಯಂತ್ರಗಳಿಗೆ ಈ ಕಲೆಯ ಅಗತ್ಯವೂ ಕಡಿಮೆ, ಅಲ್ಲಿ ಸವೆದ ಹಳಿ ಬಿಚ್ಚಿ ಹೊಸತು ಬಿಗಿಯುತ್ತಾರೆ.

ಹೊಸದೇ ಕೊಳ್ಳಿ ಎನ್ನುವವರು

ಇವರ ಮಾತಿಗೆ ಬ್ಯಾಂಕಿನ ಬೆಂಬಲವಿದೆ. ಹೊಸ ಯಂತ್ರದ ಮೇಲೆ ಸಾಲ ಸಿಗುತ್ತದೆ, ರಿಪೇರಿಯ ಮೇಲೆ ಸಿಗುವುದು ಕಷ್ಟ. 2020ರವರೆಗೆ ನಡೆದ ಕೇಂದ್ರದ ಸಿಎಲ್‌ಸಿಎಸ್‌ಎಸ್ ಯೋಜನೆ ಸಣ್ಣ ಉದ್ಯಮಗಳ ತಂತ್ರಜ್ಞಾನ ಸುಧಾರಣೆಗೆ ಶೇ. 15ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ಕೊಡುತ್ತಿತ್ತು. ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಅದು ಸಲ್ಲುತ್ತಿರಲಿಲ್ಲ. ಹೊಸ ಯಂತ್ರದ ಸ್ಪಿಂಡಲ್ ವೇಗ ಹೆಚ್ಚು, ಟೂಲ್ ಬದಲಾವಣೆಗೆ ಕೆಲವೇ ಸೆಕೆಂಡು. ರೆಟ್ರೋಫಿಟ್ ಎಸ್ಟಿಮೇಟು ಹೊಸ ಯಂತ್ರದ ಬೆಲೆಯ ಅರ್ಧ ದಾಟಿದರೆ ಹೊಸದೇ ಲೇಸು ಎಂಬ ಲೆಕ್ಕ ಕಸುಬಿನವರ ಬಾಯಲ್ಲಿದೆ. ಒಂದು ಮೀಟರಿನ ಒಳಗಿನ ಟೇಬಲ್ ಇರುವ ಸಾಮಾನ್ಯ ವಿಎಂಸಿಗೆ (ವರ್ಟಿಕಲ್ ಮಷಿನಿಂಗ್ ಸೆಂಟರ್) ಆ ಲೆಕ್ಕ ಬಹುಮಟ್ಟಿಗೆ ಸರಿ. ದೊಡ್ಡ ಪ್ಲಾನೋ ಮಿಲ್ಲರು, ಹಾರಿಜಾಂಟಲ್ ಬೋರಿಂಗ್ ಯಂತ್ರಗಳಿಗೆ ಅದೇ ಲೆಕ್ಕ ತಲೆಕೆಳಗಾಗುತ್ತದೆ. ಅಷ್ಟು ಬೀಡನ್ನು ಇವತ್ತು ಎರಕ ಹೊಯ್ಯಿಸಿ ಕೊಳ್ಳುವವರು ವಿರಳ.

ಇನ್ನೂ ಬಗೆಹರಿಯದವು

ನಿಖರತೆ ಎಂದರೆ ಯಾವ ಅಂಕಿ ಎಂಬುದೇ ಮೊದಲ ತಕರಾರು. ಒಂದೇ ಯಂತ್ರವನ್ನು ಜಪಾನಿನ ಹಳೆಯ ಜೆಐಎಸ್ ಪದ್ಧತಿಯಲ್ಲಿ ಅಳೆದರೆ ಸಣ್ಣ ಅಂಕಿ ಬರುತ್ತದೆ, ಹಲವು ಸಲ ಓಡಿಸಿ ಚದುರುವಿಕೆಯನ್ನೂ ಲೆಕ್ಕ ಹಿಡಿಯುವ ಐಎಸ್‌ಒ 230-2ರಲ್ಲಿ ದೊಡ್ಡ ಅಂಕಿ. ರೆಟ್ರೋಫಿಟ್ ಒಪ್ಪಂದಗಳಲ್ಲಿ ಯಾವ ಪದ್ಧತಿ ಎಂದು ಬರೆಯದೆ ಬರೀ "ಹತ್ತು ಮೈಕ್ರಾನ್" ಎಂದು ಬರೆಯುತ್ತಾರೆ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಅರ್ಧ ಮೀಟರಿನ ಸ್ಕ್ರೂ ಐದು ಡಿಗ್ರಿ ಬಿಸಿಯಾದರೆ 28 ಮೈಕ್ರಾನ್ ದಾಟಿತು. ಎಸಿ ಇಲ್ಲದ ನೆರೂಳದ ಶೆಡ್ಡಿನಲ್ಲಿ ಬೆಳಿಗ್ಗೆ ಕೊಟ್ಟ ಸರ್ಟಿಫಿಕೇಟು ಮಧ್ಯಾಹ್ನಕ್ಕೂ ಸಲ್ಲುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ.

ಸವೆದ ಕಬ್ಬಿಣವನ್ನು ಸಾಫ್ಟ್‌ವೇರಿನಿಂದ ಎಷ್ಟರ ಮಟ್ಟಿಗೆ ಮರೆಸಬಹುದು ಎಂಬುದು ಎರಡನೆಯದು. ಹೊಸ ಕಂಟ್ರೋಲರುಗಳು ಲಂಬಕೋನದ ದೋಷ, ಟೇಬಲ್ ಬಾಗುವಿಕೆಗೂ ತಿದ್ದುಪಡಿ ಒಪ್ಪಿಕೊಳ್ಳುತ್ತವೆ. ಸ್ಕ್ರೇಪಿಂಗ್ ದುಬಾರಿಯಾದಷ್ಟೂ ಈ ಆಸೆ ಬೆಳೆಯುತ್ತದೆ. ಸವಕಳಿ ಮುಂದುವರಿಯುತ್ತಲೇ ಇರುವ ಯಂತ್ರಕ್ಕೆ ಆ ತಿದ್ದುಪಡಿಯನ್ನು ಎಷ್ಟು ತಿಂಗಳಿಗೊಮ್ಮೆ ಹೊಸದಾಗಿ ಮಾಡಬೇಕೆಂದು ಕೇಳಿದರೆ ಮಾರುವವರಿಂದ ಖಚಿತ ಉತ್ತರ ಬರುವುದಿಲ್ಲ.

ಹೊಣೆಗಾರಿಕೆಯದು ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತುರ್ತಿನದು. ಹಳೆಯ ಯಂತ್ರದ ವೇಗ ಹೆಚ್ಚಿಸಿ, ಬಾಗಿಲಿನ ಇಂಟರ್‌ಲಾಕ್ ಬೈಪಾಸ್ ಮಾಡಿ ಒಪ್ಪಿಸಿದ ಮೇಲೆ ಆಪರೇಟರನ ಕೈ ಸಿಕ್ಕಿಕೊಂಡರೆ ಯಾರು ಉತ್ತರ ಕೊಡಬೇಕು? ಚಲಿಸುವ ಭಾಗಗಳಿಗೆ ಕಾವಲು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳಿತ್ತು, ಆದರೆ ಆ ಭಾರ ಕಾರ್ಖಾನೆ ನಡೆಸುವವನ ಮೇಲೆ. ಐರೋಪ್ಯ ಒಕ್ಕೂಟದ 2023ರ ಯಂತ್ರ ನಿಯಮಾವಳಿ 2027ರ ಜನವರಿ 20ರಿಂದ ಅನ್ವಯವಾಗುವಂತೆ ರಚಿತವಾಗಿದೆ. ಸುರಕ್ಷತೆಗೆ ಧಕ್ಕೆ ತರುವಷ್ಟು ಗಣನೀಯವಾಗಿ ಯಂತ್ರವನ್ನು ಬದಲಿಸಿದವನೇ ಅದರ ತಯಾರಕ ಎಂದು ಅದು ಹೇಳುತ್ತದೆ. ಹಾಗೆ ನಮ್ಮಲ್ಲೂ ಆದರೆ ನೆರೂಳ, ಪೀಣ್ಯ, ಬೆಳಗಾವಿಯ ಉದ್ಯಮಬಾಗಗಳ ಸಣ್ಣ ರೆಟ್ರೋಫಿಟ್ ಗುತ್ತಿಗೆದಾರರಲ್ಲಿ ಎಷ್ಟು ಮಂದಿ ಆ ಹೊಣೆ ಹೊರಬಲ್ಲರು, ಹೊರಲಾರದವರ ಯಂತ್ರಗಳನ್ನು ಮುಂದೆ ನೋಡಿಕೊಳ್ಳುವವರು ಯಾರು ಎಂಬ ಚರ್ಚೆ ಇಲ್ಲಿ ಇನ್ನೂ ಶುರುವಾಗಬೇಕಿದೆ.